ಹಿರಿಯ ನಾಗರಿಕರ ಸಂಘಗಳು: ಸಾಮಾಜಿಕ ಚಟುವಟಿಕೆಗಳು ಹಾಗೂ ಅತಿಥಿ ಉಪನ್ಯಾಸಗಳು

ನೋಂದಣಿ: ಕನಿಷ್ಠ 7 ಮಂದಿ ಸೇರಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಸಂಘವನ್ನು ನೋಂದಾಯಿಸಬಹುದಾಗಿದೆ.

ಚಟುವಟಿಕೆಗಳು: ದಿನಪತ್ರಿಕೆ ವಾಚನ, ಕೇರಂ, ಚದುರಂಗ, ಯೋಗ, ಭಜನೆ ಮತ್ತು ಅಕ್ಟೋಬರ್ 1ರಂದು ಅಂತರರಾಷ್ಟ್ರೀಯ ಹಿರಿಯರ ದಿನಾಚರಣೆ. ಒಂಟಿಯಾಗಿ ವಾಸಿಸುವ ಹಿರಿಯರಿಗೆ ಇವು ಆಸರೆಯಾಗುತ್ತವೆ.

ಅತಿಥಿ ಉಪನ್ಯಾಸಗಳು: ಆರೋಗ್ಯ, ಬ್ಯಾಂಕ್ ವ್ಯವಹಾರ, ಪಿಂಚಣಿ ಮತ್ತು ಕಾನೂನು ವಿಷಯಗಳನ್ನು ಆಯ್ದುಕೊಳ್ಳಬಹುದು. ಕಾನೂನು ಅರಿವಿನ ಉಪನ್ಯಾಸಕ್ಕಾಗಿ ಸಂಘದ ಕಾರ್ಯದರ್ಶಿಯವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಲಿಖಿತ ಮನವಿ ಸಲ್ಲಿಸಬಹುದು.

ಉಪನ್ಯಾಸಗಳಲ್ಲಿ ಅವಶ್ಯವಾಗಿ ತಿಳಿಸಬೇಕಾದ ಅಂಶಗಳು:

1. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಪ್ರಕಾರ 60 ವರ್ಷ ತುಂಬಿದ ಭಾರತೀಯ ನಾಗರಿಕರು ಹಿರಿಯ ನಾಗರಿಕರು.

2. ಮಕ್ಕಳಿಗೆ ಆಸ್ತಿಯನ್ನು ದಾನಪತ್ರದ ಮೂಲಕ ನೀಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಸೂಕ್ತ. ಷರತ್ತು ಪಾಲನೆಯಾಗದಿದ್ದಲ್ಲಿ, ಕಲಂ 23ರನ್ವಯ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಬಾಯಿಮಾತಿನ ಭರವಸೆಯನ್ನು ರುಜುವಾತುಪಡಿಸುವುದು ಕಷ್ಟಸಾಧ್ಯ. ಆದುದರಿಂದ ಸಹಿ ಮಾಡುವ ಮುನ್ನವೇ ಕಾನೂನು ಸಲಹೆ ಪಡೆಯತಕ್ಕದ್ದು.

3. ಪೋಷಣಾ ವೆಚ್ಚ ಕೋರುವ ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು.

ಸಹಾಯವಾಣಿ: ಹೆಚ್ಚಿನ ಮಾಹಿತಿಗಾಗಿ ಹಿರಿಯರ ಶುಲ್ಕರಹಿತ ಸಹಾಯವಾಣಿ 14567 ಅನ್ನು ಸಂಪರ್ಕಿಸಬಹುದು.