ಕಾಕನಕೋಟೆಯ ಪಾಠ

ಮೊನ್ನೆ ಭಾನುವಾರ ಡಬ್ಲಿನ್‌ನಿಂದ ಅಕ್ಕನ ಮಗಳ ಫೋನು. ಅವಳು ಹುಟ್ಟಿದ್ದೇ ಅಲ್ಲಿ, ಈಗ ಹೈಸ್ಕೂಲು. "ಮಾಮ, ಮೈಸೂರಿನ ಹತ್ರ ಹಾಳಾದ ಕಾಡು ಯಾವುದಾದ್ರೂ ಇದ್ಯಾ? ಹೆಸರಿರೋ ಕಾಡು ಬೇಕು" ಅಂದಳು. ಯಾಕೆ ಅಂತ ಕೇಳಿದರೆ, ಐರಿಷ್ ಕ್ಲಾಸಿನ ಹೋಂವರ್ಕಂತೆ. ಪರಿಸರದ ಕ್ಲಾಸಲ್ಲ, ಭಾಷೆಯ ಕ್ಲಾಸು!

ಐರಿಷ್ ಅಂದ್ರೆ ಐರ್ಲೆಂಡಿನವರ ಇಂಗ್ಲಿಷು ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಅದು ಬೇರೆಯೇ ಭಾಷೆ, ಅಲ್ಲಿನ ಸಂವಿಧಾನದ ಪ್ರಕಾರ ಮೊದಲ ಅಧಿಕೃತ ಭಾಷೆ. ಆದರೆ 2022ರ ಜನಗಣತಿಯಲ್ಲಿ, ಶಾಲೆಯ ಹೊರಗೆ ದಿನಾ ಅದನ್ನು ಮಾತಾಡುತ್ತೇವೆ ಅಂದವರು 72 ಸಾವಿರದ ಆಸುಪಾಸು, 51 ಲಕ್ಷ ಜನರ ದೇಶದಲ್ಲಿ. ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸುತ್ತಾರೆ, ಮಕ್ಕಳು ಗೊಣಗುತ್ತಾ ಕಲಿಯುತ್ತಾರೆ.

ಅವರ ಮೇಷ್ಟ್ರು ಹಿಡಿದುಕೊಂಡಿದ್ದು ಕಿಲ್‌ಕ್ಯಾಶ್ ಅನ್ನೋ ಊರಿನ ಮೇಲಿರುವ ಒಂದು ಹಳೇ ಶೋಕಗೀತೆ. ಟಿಪ್ಪರೆರಿ ಜಿಲ್ಲೆಯಲ್ಲಿ ಬಟ್ಲರ್ ಮನೆತನದ ಕೋಟೆ, ಸುತ್ತ ದೊಡ್ಡ ಕಾಡು. ಕಾಡಿನ ಮರ ಮಾರಾಟವಾಯಿತು, ಮನೆತನ ಕರಗಿತು. ಇನ್ನು ಮರವಿಲ್ಲದೆ ನಾವೇನು ಮಾಡೋಣ ಅಂತ ಕವಿ ಅಳುತ್ತಾನೆ. ಹಡಗಿಗೆ, ಪೀಪಾಯಿಗೆ, ಕಬ್ಬಿಣದ ಕುಲುಮೆಗೆ ಅಂತ ಐರ್ಲೆಂಡಿನ ಕಾಡು ಕಡಿದೂ ಕಡಿದೂ 20ನೇ ಶತಮಾನ ಶುರುವಾಗುವ ಹೊತ್ತಿಗೆ ದೇಶದ ಶೇಕಡಾ 1ರಷ್ಟು ಮಾತ್ರ ಕಾಡು ಉಳಿದಿತ್ತು. ಈ ಒಂದು ಹಾಡಿಟ್ಟುಕೊಂಡು ಮರಗಳ ಹೆಸರು, ಭೂತಕಾಲದ ಕ್ರಿಯಾಪದ, ಊರ ಹೆಸರುಗಳ ಅರ್ಥ ಎಲ್ಲಾ ಕಲಿಸುತ್ತಾರಂತೆ. ಡೆರಿ ಅನ್ನೋ ಊರಿನ ಹೆಸರೇ ಓಕ್ ತೋಪು! ಮರ ಹೋಗಿದೆ, ಹೆಸರು ನಿಂತಿದೆ. ನಮ್ಮ ಹುಣಸೂರು, ಅತ್ತಿಗುಪ್ಪೆ ಇದ್ದ ಹಾಗೆ.

ನಾನು ಓದುವಾಗಲೂ ಕಾಡಿನ ಪಾಠ ಇತ್ತು. "ಅರಣ್ಯ ಸಂರಕ್ಷಣೆ" ಅಂತ ಪ್ರಬಂಧ, ಪೀಠಿಕೆ-ವಿಷಯ-ಉಪಸಂಹಾರ ಸಮೇತ ಉರು ಹೊಡೆದು 10ಕ್ಕೆ 8 ತಗೊಂಡಿದ್ದೆ. ಅದರಲ್ಲಿ ಒಂದೇ ಒಂದು ಕಾಡಿನ ಹೆಸರಿರಲಿಲ್ಲ, ಒಂದು ಮರದ ಹೆಸರೂ ಇರಲಿಲ್ಲ :-)

ಹೆಸರಿರುವ ಕಾಡು ಬೇಕು ಅಂದಳಲ್ಲ, ಕಾಕನಕೋಟೆಯ ಕಥೆ ಹೇಳಿದೆ.

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆ ದಾಟಿ ಮಾನಂದವಾಡಿ ರಸ್ತೆಯಲ್ಲಿ ಹೋದರೆ ಸಿಗುವ ಕಾಡು ಅದು. ತೇಗ, ಬೀಟೆ, ಹೊನ್ನೆ, ನಂದಿ, ದಿಂಡಿಗ, ಮತ್ತಿ... ಮತ್ತಿಮರದ ತೊಗಟೆ ಮೊಸಳೆಯ ಚರ್ಮದ ಹಾಗಿರುತ್ತೆ, ಕೆಲವು ಮರಗಳ ಕಾಂಡದಲ್ಲಿ ಬೇಸಿಗೆಯಲ್ಲೂ ನೀರು ತುಂಬಿರುತ್ತೆ. ಯಾವ ಮರದಲ್ಲಿ ಅಂತ ಹೊರಗಿನಿಂದ ನೋಡಿಯೇ ಹೇಳೋದು ಕಾಡಿನವರಿಗೆ ಗೊತ್ತು. ಕಾಡಿನ ನಡುವಿನ ಜೌಗು ಬಯಲಿಗೆ ಅಲ್ಲಿ "ಹಡ್ಲು" ಅಂತಾರೆ. ಜನವಸತಿಗೆ "ಹಾಡಿ". ಈ ಎರಡು ಮಾತಿಗೆ ಪೇಟೆಯಲ್ಲಿ ಕೆಲಸವೇ ಇಲ್ಲ.

ಮಹಾರಾಜರ ಕಾಲದಲ್ಲಿ ವೈಸರಾಯ್‌ಗಳು ಬಂದರೆ ಇಲ್ಲೇ ಖೆಡ್ಡಾ. ಆನೆಗಳನ್ನು ಅಟ್ಟಿ ಹೊಳೆ ದಾಟಿಸಿ ಹಿಡಿಯುವುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ದಸರಾ ಅಂಬಾರಿ ಹೊತ್ತು, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಜೊತೆ ಕಾದಾಡಿ ಸತ್ತನಲ್ಲ ನಮ್ಮ ಅರ್ಜುನ, ಅವನು 1968ರಲ್ಲಿ ಇದೇ ಕಾಕನಕೋಟೆಯಲ್ಲಿ ಸಿಕ್ಕವನು. ಜಂಬೂಸವಾರಿ ನೋಡೋಕೆ ಲಕ್ಷ ಜನ ಸೇರುತ್ತೇವೆ. ಆನೆ ಯಾವ ಕಾಡಿನದ್ದು ಅಂತ ಎಷ್ಟು ಜನ ಕೇಳ್ತೀವಿ?

1974ರಲ್ಲಿ ಕಬಿನಿ ಅಣೆಕಟ್ಟು ಎದ್ದಿತು. ಆ ಕಾಡಿನ ತಗ್ಗಿನ ಭಾಗ, ಹೊಳೆದಡ, ಹಳ್ಳಿಗಳು ಮುಳುಗಿದವು. ಈಗಲೂ ಬೇಸಿಗೆಯಲ್ಲಿ ನೀರು ಇಳಿದರೆ ಒಣಗಿದ ಬೊಡ್ಡೆಗಳು ಎದ್ದು ಕಾಣುತ್ತವೆ. ಸಫಾರಿಗೆ ಬಂದವರು ಅದರ ಮೇಲೆ ಕೂತ ಹಕ್ಕಿಯ ಫೋಟೋ ತೆಗೆಯುತ್ತಾರೆ. ನೀರು ನಮ್ಮ ಗದ್ದೆಗೂ ಬಂತು, ನಲ್ಲಿಗೂ ಬಂತು, ಅದನ್ನು ಮರೆತು ಮಾತಾಡಲ್ಲ. ಮಾಸ್ತಿಯವರ "ಕಾಕನಕೋಟೆ" ನಾಟಕ ಕಾಡಿನ ಕುರುಬರಿಗೂ ನಾಡಿನ ಅಧಿಕಾರಕ್ಕೂ ನಡುವಿನ ತಿಕ್ಕಾಟದ್ದೇ. ಅದನ್ನು ಸಿ.ಆರ್. ಸಿಂಹ ಸಿನಿಮಾ ಮಾಡಿದ್ದು 1977ರಲ್ಲಿ. ಅಷ್ಟೊತ್ತಿಗೆ ಆ ಕಾಡಿನ ಒಂದು ಪಾಲು ನೀರಿನಡಿ ಇತ್ತು.

ಉಳಿದ ಕಾಡಿನಿಂದಲೂ ಜೇನುಕುರುಬರು ಹೊರಬೀಳಬೇಕಾಯಿತು. 1972ರ ವನ್ಯಜೀವಿ ಕಾಯ್ದೆ ಬಂತು, 1973ರಲ್ಲಿ ಪಕ್ಕದ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಎಷ್ಟೋ ಜನ ಕೊಡಗಿನ ಕಾಫಿ ತೋಟದ ಕೂಲಿಗೆ ಹೋದರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದುಕೊಂಡು ಇನ್ನೂ ಅರ್ಜಿ ಹಾಕುತ್ತಲೇ ಇದ್ದಾರೆ. 2025ರ ಮೇ ತಿಂಗಳಲ್ಲಿ ಕೆಲವು ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೇ ಜಾಗಕ್ಕೆ ವಾಪಸಾಗಿ ಗುಡಿಸಲು ಕಟ್ಟಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಇಷ್ಟನ್ನೂ ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅವರ ಮಕ್ಕಳು ಸ್ಕೂಲಲ್ಲಿ ಯಾವ ಭಾಷೆ ಕಲೀತಾರೆ?"

"ಕನ್ನಡ" ಅಂದೆ.

"ಮನೇಲಿ?"

"ಜೇನುಕುರುಬರ ಮಾತು. ಕನ್ನಡಕ್ಕೆ ತೀರಾ ಹತ್ತಿರದ್ದು."

"ಹಾಗಾದ್ರೆ ಅವರಿಗೆ ಕನ್ನಡ ಅಂದ್ರೆ, ಇಲ್ಲಿನವರಿಗೆ ಇಂಗ್ಲಿಷ್ ಇದ್ದ ಹಾಗೇನಾ ಮಾಮ?"

ಏನು ಹೇಳ್ಲಿ? ಎರಡೂ ಒಂದೇ ಅಲ್ಲ ಅಂತ ವಾದ ಮಾಡಬಹುದಿತ್ತು. ಇವು ಅಕ್ಕತಂಗಿ ನುಡಿಗಳು, ಇಲ್ಲಿ ಯಾರೂ ಹಡಗು ಹತ್ತಿ ಬಂದು ಗೆದ್ದವರಲ್ಲ ಅಂತೆಲ್ಲ. ಆದರೂ ಬಾಯಿ ಬರಲಿಲ್ಲ. ಕನ್ನಡ ಸಾಯ್ತಿದೆ ಅಂತ ನಾವೆಲ್ಲ ಇಲ್ಲಿ ಪುಟಗಟ್ಟಲೆ ಬರೆದಿದ್ದೇವೆ, ನಾನೂ ಬರೆದಿದ್ದೇನೆ. ನಮ್ಮ ಕನ್ನಡದ ಎದುರು ಇನ್ನೊಂದು ಮಾತು ನಾಚಿಕೊಂಡು ಸುಮ್ಮನಾಗುತ್ತಿರಬಹುದು ಅಂತ ಒಂದು ಸಾಲೂ ಬರೆದಿಲ್ಲ.

ನಮ್ಮ ಮಾನಸಗಂಗೋತ್ರಿಯಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ದೇಶದ ಎಷ್ಟೋ ಬುಡಕಟ್ಟು ಭಾಷೆಗಳಿಗೆ ಮೊದಲ ಪಾಠದ ಪುಸ್ತಕ ಮಾಡಿದ್ದು ಅವರೇ. ಕಾಕನಕೋಟೆ ಅಲ್ಲಿಂದ ಒಂದು ಬೆಳಗಿನ ದಾರಿ. ನಮ್ಮ ಕನ್ನಡ ಮೇಷ್ಟ್ರುಗಳು "ಅರಣ್ಯ ಸಂರಕ್ಷಣೆ" ಬಿಟ್ಟು, ಒಂದು ವಾರ ಕಾಕನಕೋಟೆಯನ್ನೇ ಪಾಠ ಮಾಡಿದರೆ? ಮತ್ತಿ, ದಿಂಡಿಗ, ಹಡ್ಲು, ಹಾಡಿ ಇವೇ ಆ ವಾರದ ಪದಗಳು. ಪಾಠ ಹೇಳೋಕೆ ಹಾಡಿಯಿಂದ ಒಬ್ಬ ಅಜ್ಜಿ ಬರಲಿ, ತನ್ನ ಮಾತಿನಲ್ಲೇ ಹೇಳಲಿ. ಅರ್ಥವಾಗದ ಪದ ಕೇಳಿ ತಿಳಿದುಕೊಳ್ಳೋ ಕೆಲಸ ಈ ಸಲ ಪೇಟೆ ಮಕ್ಕಳದ್ದಾಗಲಿ.

ಹುಡುಗಿ ಐರಿಷ್‌ನಲ್ಲಿ ಕಾಕನಕೋಟೆ ಬಗ್ಗೆ ಒಂದು ಪುಟ ಬರೆದಳಂತೆ. "ಹಡ್ಲು" ಅನ್ನೋದಕ್ಕೆ ಐರಿಷ್ ಪದ ಹುಡುಕೋಕೆ ಹೋಗಲಿಲ್ಲ, ಹಾಗೇ ಬಿಟ್ಟೆ ಅಂದಳು. ಒಳ್ಳೇದು ಮಾಡಿದಳು.

ನಿಮ್ಮೂರಿನ ಕಾಡಿಗೆ ಏನು ಹೆಸರಿತ್ತು? ಅಲ್ಲಿ ಯಾರ ಮಾತಿತ್ತು? ನೆನಪಿದ್ದರೆ ನೀವೂ ಬರೆಯಿರಿ.