ದಿನದ ಟಿಕೆಟ್ಟೋ, ವರ್ಷದ ಪಾಸೋ? – ವಿನೋದೋದ್ಯಾನದ ಬಾಗಿಲಲ್ಲಿ ಒಂದು ಹಳೆಯ ಲೆಕ್ಕ

ಮನುಷ್ಯನು ಹಣ ಕೊಟ್ಟು ಸಂತೋಷಪಡಲು ಹೋಗುವ ಪ್ರತಿಯೊಂದು ಸ್ಥಳಕ್ಕೂ ಒಂದು ಬಾಗಿಲಿದೆ. ಆ ಬಾಗಿಲಲ್ಲಿ ಟಿಕೆಟ್ ನೋಡುವವನೊಬ್ಬನಿದ್ದಾನೆ. ಅಂತಹ ಸ್ಥಳಗಳನ್ನು ಕಟ್ಟಿದವರ ಚರಿತ್ರೆ ಪುಸ್ತಕಗಳಲ್ಲಿ ದೊರೆಯುತ್ತದೆ. ಬಾಗಿಲಲ್ಲಿ ತೋರಿಸುವ ಚೀಟಿಯ ಚರಿತ್ರೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲೂ ನಮ್ಮ ಬಂಧುಗಳ ಮನೆಗಳಲ್ಲೂ ರಜೆ ಸಮೀಪಿಸಿದಾಗ ಒಂದು ಪ್ರಶ್ನೆ ಏಳುವುದುಂಟು: ಡಿಸ್ನಿಯ ಉದ್ಯಾನಗಳಿಗೆ ಹೋಗುವಾಗ ಆಯಾ ದಿನದ ಟಿಕೆಟ್ ಕೊಳ್ಳಬೇಕೇ, ವರ್ಷದ ಪಾಸನ್ನೇ ಮಾಡಿಸಿಬಿಡಬೇಕೇ? ಊರಿನಿಂದ ಅಪ್ಪ ಅಮ್ಮ ಬಂದಿರುವಾಗಲಂತೂ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಇದು ಇಂದಿನ ಪ್ರಶ್ನೆಯಲ್ಲ. ಕಡಿಮೆಯೆಂದರೂ ನೂರೆಪ್ಪತ್ತು ವರ್ಷಗಳ ವಯಸ್ಸು ಅದಕ್ಕಿದೆ. ಅದರ ಚರಿತ್ರೆಯನ್ನು ತಿಳಿದರೆ ಉತ್ತರವೂ ಬಹುಮಟ್ಟಿಗೆ ತಿಳಿಯುತ್ತದೆ.

1851ರ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿಯು ಮಹಾಪ್ರದರ್ಶನವನ್ನು ಉದ್ಘಾಟಿಸಿದಳು. ಗಾಜು ಮತ್ತು ಕಬ್ಬಿಣದಿಂದ ಕಟ್ಟಿದ, ‘ಕ್ರಿಸ್ಟಲ್ ಪ್ಯಾಲೆಸ್’ ಎಂದು ಹೆಸರಾದ ಆ ಭವನವನ್ನು ನೋಡಲು ಎರಡು ಬಗೆಯ ಚೀಟಿಗಳಿದ್ದವು. ಪ್ರದರ್ಶನ ಮುಗಿಯುವವರೆಗೂ ನಡೆಯುವ ಸೀಸನ್ ಟಿಕೆಟ್ಟಿಗೆ ಗಂಡಸರು 3 ಗಿನಿ, ಹೆಂಗಸರು 2 ಗಿನಿ ತೆರಬೇಕಾಗಿತ್ತು. ಒಂದು ಗಿನಿಗೆ 21 ಷಿಲಿಂಗ್. ದಿನದ ಟಿಕೆಟ್ಟಿನ ಬೆಲೆಯಾದರೋ ದಿನಕ್ಕೊಂದು ಬಗೆಯಾಗಿತ್ತು. ಮೊದಲು ಒಂದು ಪೌಂಡ್, ಆಮೇಲೆ 5 ಷಿಲಿಂಗ್. ಮೇ 26ರಿಂದ ಸೋಮವಾರದಿಂದ ಗುರುವಾರದವರೆಗೆ ಕೇವಲ 1 ಷಿಲಿಂಗ್, ಶುಕ್ರವಾರ ಎರಡೂವರೆ, ಶನಿವಾರ 5 ಷಿಲಿಂಗ್.

ನಾವು ತರಗತಿಯಲ್ಲಿ ಮಾಡುತ್ತಿದ್ದಂತೆ ಇಲ್ಲೊಂದು ಲೆಕ್ಕ ಮಾಡೋಣ. 3 ಗಿನಿಯೆಂದರೆ 63 ಷಿಲಿಂಗ್. ಶನಿವಾರಗಳಲ್ಲೇ ಹೋಗುವ ಗೃಹಸ್ಥನು ಹದಿಮೂರು ಸಲ ಹೋದರೆ ಸೀಸನ್ ಟಿಕೆಟ್ಟಿನ ಹಣ ಹುಟ್ಟುತ್ತದೆ. ಷಿಲಿಂಗ್ ದಿನಗಳಲ್ಲಿ ಹೋಗುವ ಕೂಲಿಕಾರನಿಗೆ ಅದೇ ಹಣ ಹುಟ್ಟಬೇಕಾದರೆ ಅರವತ್ತಮೂರು ಸಲ ಹೋಗಬೇಕು! ಆದರೂ 25,000ಕ್ಕೂ ಹೆಚ್ಚು ಸೀಸನ್ ಟಿಕೆಟ್ಟುಗಳು ಮಾರಾಟವಾದವು. ಕಾರಣವೇನೆಂದರೆ, ರಾಣಿಯು ಬಂದ ಮೊದಲ ದಿನ ಸೀಸನ್ ಟಿಕೆಟ್ ಉಳ್ಳವರಿಗೆ ಮಾತ್ರ ಪ್ರವೇಶವಿತ್ತು. ಕೊಂಡವರಲ್ಲಿ ಅನೇಕರು ಉಳಿತಾಯಕ್ಕಾಗಿ ಕೊಳ್ಳಲಿಲ್ಲ. ಆ ದಿನ ಅಲ್ಲಿ ಇರುವುದಕ್ಕಾಗಿ ಕೊಂಡರು. ಇತ್ತ ಥಾಮಸ್ ಕುಕ್ ಎಂಬ ಪ್ರವಾಸೋದ್ಯಮಿಯು ಸುಮಾರು ಒಂದೂವರೆ ಲಕ್ಷ ಜನರನ್ನು ದೂರದ ಊರುಗಳಿಂದ ರೈಲಿನಲ್ಲಿ ಕರೆತಂದನು. ಹಾಗೆ ಬಂದವರಿಗೆ ಸೀಸನ್ ಟಿಕೆಟ್ ಏತಕ್ಕೆ? ಅವರಿಗೆ ಒಂದು ಷಿಲಿಂಗ್ ಸಾಕಾಗಿತ್ತು. ಪ್ರದರ್ಶನಕ್ಕೆ ದಾಖಲಾದ 60 ಲಕ್ಷ ಭೇಟಿಗಳಲ್ಲಿ 44 ಲಕ್ಷ ಭೇಟಿಗಳು ಷಿಲಿಂಗ್ ದಿನಗಳವೇ ಆಗಿದ್ದವು. ಊರಿನಲ್ಲಿ ಮನೆಯುಳ್ಳವನಿಗೆ ಪಾಸು, ಊರಿಗೆ ಬಂದುಹೋಗುವವನಿಗೆ ಟಿಕೆಟ್ ಎಂಬ ವಿಭಾಗವು ಅಂದೇ ಕಾಣಿಸಿಕೊಂಡಿತು.

ಇನ್ನು ಅಮೆರಿಕಕ್ಕೆ ಬರೋಣ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್ ಎಂಬಲ್ಲಿ, ಕಿತ್ತಳೆ ತೋಟಗಳಿದ್ದ 160 ಎಕರೆ ಭೂಮಿಯಲ್ಲಿ ವಾಲ್ಟ್ ಡಿಸ್ನಿಯು ‘ಡಿಸ್ನಿಲ್ಯಾಂಡ್’ ತೆರೆದನು. ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರ್. ಅದು ಬಾಗಿಲ ದರ ಮಾತ್ರ. ಒಳಗಿನ ಒಂದೊಂದು ಸವಾರಿಗೂ 10ರಿಂದ 35 ಸೆಂಟ್‌ಗಳವರೆಗೆ ಬೇರೆಯಾಗಿ ಕೊಡಬೇಕಾಗಿತ್ತು. ನಮ್ಮ ಜಾತ್ರೆಗಳಲ್ಲಿ ತೊಟ್ಟಿಲಿಗೊಂದು, ಕುದುರೆಗೊಂದು ಎಂದು ಕಾಸು ಕೊಡುವ ಕ್ರಮವೇ ಇದು. ಹೆಜ್ಜೆಹೆಜ್ಜೆಗೂ ಜೇಬಿಗೆ ಕೈಹಾಕಬೇಕಾದಾಗ ತಂದೆಯ ಮುಖ ಸಪ್ಪಗಾಗುತ್ತದೆ. ಅದನ್ನು ಮಕ್ಕಳು ಬಲು ಬೇಗ ಗಮನಿಸುತ್ತಾರೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಟಿಕೆಟ್ ಪುಸ್ತಕಗಳು ಬಂದವು. ಪ್ರವೇಶದ ಜೊತೆಗೆ ಎ, ಬಿ, ಸಿ ಎಂಬ ದರ್ಜೆಯ ಚೀಟಿಗಳನ್ನು ಒಟ್ಟಿಗೆ ಹೊಲಿದ ಸಣ್ಣ ಪುಸ್ತಕವದು. 1956ರಲ್ಲಿ ಡಿ ದರ್ಜೆಯೂ, 1959ರಲ್ಲಿ ಇ ದರ್ಜೆಯೂ ಸೇರಿದವು. ಆ ವರ್ಷ ತೆರೆದ ಮ್ಯಾಟರ್‌ಹಾರ್ನ್ ಹಿಮಪರ್ವತದ ಜಾರುಬಂಡಿ, ಜಲಾಂತರ್ಗಾಮಿ ನೌಕೆ ಮತ್ತು ಮಾನೋರೈಲ್ – ಇವು ಇ ದರ್ಜೆಯವು. ಎಲ್ಲಕ್ಕಿಂತ ಉತ್ತಮವಾದದ್ದಕ್ಕೆ ‘ಇ ಟಿಕೆಟ್’ ಎನ್ನುವುದು ಅಮೆರಿಕದ ಆಡುಮಾತಿನಲ್ಲಿಯೇ ಸೇರಿಹೋಯಿತು. 1983ರ ಜೂನ್‌ನಲ್ಲಿ ಅಂತರಿಕ್ಷಕ್ಕೆ ಹೋದ ಅಮೆರಿಕದ ಮೊದಲ ಮಹಿಳೆ ಸ್ಯಾಲಿ ರೈಡ್ ತನ್ನ ಯಾನವನ್ನು ಬಣ್ಣಿಸಿದ್ದೂ ಈ ಮಾತಿನಿಂದಲೇ.

ಪುಸ್ತಕದಲ್ಲಿ ಒಂದು ಸೂಕ್ಷ್ಮವಿತ್ತು. ಇ ಚೀಟಿಗಳು ಮೊದಲೇ ಖಾಲಿಯಾಗುತ್ತಿದ್ದವು. ಕುದುರೆ ಬಂಡಿಯಂತಹ ಸಣ್ಣ ಸವಾರಿಗಳ ಎ, ಬಿ ಚೀಟಿಗಳು ಉಳಿದು ಜನರ ಮನೆಯ ಮೇಜಿನ ಖಾನೆ ಸೇರುತ್ತಿದ್ದವು. ಹಣವನ್ನು ಮುಂಗಡವಾಗಿ ಕೊಟ್ಟಾಗಿದೆ. ಸುಖ ಮಾತ್ರ ಮನೆಯಲ್ಲಿ ಕಾಗದವಾಗಿ ಬಿದ್ದಿದೆ. ಮುಂದೆ ಬಂದ ವರ್ಷದ ಪಾಸಿನ ಕಥೆಯೂ ಇದೇ ಬೀಜದಿಂದ ಹುಟ್ಟಿದುದೆಂದು ನನಗೆ ತೋರುತ್ತದೆ.

ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ 1961ರಲ್ಲಿ ತೆರೆದ ‘ಸಿಕ್ಸ್ ಫ್ಲ್ಯಾಗ್ಸ್’ ಉದ್ಯಾನವು ಬೇರೊಂದು ದಾರಿ ಹಿಡಿಯಿತು. ಬಾಗಿಲಲ್ಲಿ ಒಮ್ಮೆ 2 ಡಾಲರ್ 75 ಸೆಂಟ್ ಕೊಟ್ಟರೆ ಒಳಗಿನ ಸವಾರಿಗಳಿಗೆ ಬೇರೆ ಹಣವಿಲ್ಲ. ಬಾಗಿಲಲ್ಲಿ ಹೆಚ್ಚು ವಸೂಲು ಮಾಡುವುದು ಲಾಭವೋ, ಸವಾರಿಗೊಂದು ದರವಿಡುವುದು ಲಾಭವೋ ಎಂಬ ಈ ಪ್ರಶ್ನೆಯು ಅರ್ಥಶಾಸ್ತ್ರಜ್ಞರನ್ನೂ ಸೆಳೆಯಿತು. 1971ರಲ್ಲಿ ವಾಲ್ಟರ್ ಓಯಿ ಎಂಬ ವಿದ್ವಾಂಸನು ಡಿಸ್ನಿಲ್ಯಾಂಡಿನ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಬರೆದ ಲೇಖನವು ಇಂದಿಗೂ ಪಾಠಗಳಲ್ಲಿ ಉಲ್ಲೇಖವಾಗುತ್ತದೆ. ಜಪಾನೀ ಮೂಲದ ಈತನು ಬಾಲಕನಾಗಿದ್ದಾಗ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಂಧನ ಶಿಬಿರದಲ್ಲಿದ್ದವನು. ಅನಂತರ ದೃಷ್ಟಿಯನ್ನೂ ಕಳೆದುಕೊಂಡವನು. ಆತನ ವಾದದ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಬಂದವರೆಲ್ಲರೂ ಒಂದೇ ಬಗೆಯವರಾಗಿದ್ದರೆ, ಒಳಗಿನ ಸವಾರಿಗೆ ಅದರ ಖರ್ಚಿನಷ್ಟೇ ದರವಿಟ್ಟು, ಜನರು ಒಳಗೆ ಪಡೆಯುವ ಒಟ್ಟು ಸಂತೋಷದ ಬೆಲೆಯನ್ನು ಬಾಗಿಲಲ್ಲೇ ವಸೂಲು ಮಾಡುವುದು ಮಾಲೀಕನಿಗೆ ಲಾಭಕರ. ಬಾಗಿಲ ಬೆಲೆ ನಿಲ್ಲುವುದು ಬಂದವನ ನಿರೀಕ್ಷೆಯ ಮೇಲೆ. ಈ ಮಾತನ್ನು ನೆನಪಿನಲ್ಲಿಡಬೇಕು.

1982ರ ಜೂನ್‌ನಲ್ಲಿ ಡಿಸ್ನಿಲ್ಯಾಂಡ್ ತನ್ನ ಟಿಕೆಟ್ ಪುಸ್ತಕಗಳನ್ನು ಕೈಬಿಟ್ಟು, ಇಡೀ ದಿನದ ಎಲ್ಲ ಸವಾರಿಗಳಿಗೂ ಒಂದೇ ಚೀಟಿಯನ್ನು ತಂದಿತು. ಆ ದಶಕದಲ್ಲಿಯೇ ವರ್ಷದ ಪಾಸುಗಳೂ ನೆಲೆಯೂರಿದವು. ಇಲ್ಲಿ ಡಿಸ್ನಿಯ ಎರಡು ಉದ್ಯಾನಗಳ ಭೇದವನ್ನು ತಿಳಿಯಬೇಕು. ಆನಹೈಮಿನ ಉದ್ಯಾನವು ಲಾಸ್ ಏಂಜಲೀಸ್ ಮಹಾನಗರದ ಮಗ್ಗುಲಲ್ಲಿದೆ. ಸಂಜೆ ಕಚೇರಿ ಮುಗಿಸಿ ಎರಡು ಗಂಟೆ ಸುತ್ತಿಬರುವವರು ಅಲ್ಲಿ ಲಕ್ಷಾಂತರ ಮಂದಿಯಿದ್ದಾರೆ. ಜನ ಕಡಿಮೆಯಿರುವ ದಿನಗಳಲ್ಲಿ ಅಂತಹವರನ್ನು ಕರೆತರಲು ಪಾಸು ತಕ್ಕ ಉಪಾಯ. ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ತೆರೆದ ‘ವಾಲ್ಟ್ ಡಿಸ್ನಿ ವರ್ಲ್ಡ್’ ಆದರೋ ಸುಮಾರು 27,000 ಎಕರೆಗಳ ಕ್ಷೇತ್ರ, ತನ್ನದೇ ಹೋಟೆಲುಗಳುಳ್ಳದ್ದು, ವಿಮಾನದಲ್ಲಿ ಬಂದು ಐದಾರು ದಿನ ತಂಗುವವರಿಗಾಗಿ ಕಟ್ಟಿದ್ದು. ಅಲ್ಲಿ ಹಲವು ದಿನಗಳ ಟಿಕೆಟ್ಟಿಗೆ ಮಹತ್ವ ಹೆಚ್ಚು. ದಿನಗಳು ಹೆಚ್ಚಿದಂತೆ ದಿನವೊಂದರ ಬೆಲೆ ಇಳಿಯುತ್ತದೆ. ಹಾಗೆ ಇಳಿಸುವುದರಿಂದ ಪ್ರವಾಸಿಯು ನೆರೆಯ ಬೇರೆ ಉದ್ಯಾನಕ್ಕೆ ಹೋಗದೆ ಅಲ್ಲಿಯೇ ಉಳಿಯುತ್ತಾನೆ.

ಮಾಲೀಕನ ಉಪಾಯ ಅತಿಯಾಗಿ ಫಲಿಸಿದರೆ ಏನಾಗುತ್ತದೆ? ಪಾಸುಳ್ಳವರೇ ಉದ್ಯಾನವನ್ನು ತುಂಬುತ್ತಾರೆ. ಹೆಚ್ಚು ಹಣ ಕೊಟ್ಟು ದೂರದಿಂದ ಬಂದವರು ಸಾಲಿನಲ್ಲಿ ನಿಂತು ಬೇಸರಪಡುತ್ತಾರೆ. ಆಗ ಪಾಸಿಗೆ ಕಟ್ಟುಪಾಡುಗಳು ಬರುತ್ತವೆ: ಇಂತಿಂತಹ ದಿನ ಪ್ರವೇಶವಿಲ್ಲ, ಇಂತಹ ಪಾಸು ಈ ರಾಜ್ಯದ ನಿವಾಸಿಗಳಿಗೆ ಮಾತ್ರ, ಹೀಗೆ. ದಿನದ ಟಿಕೆಟ್ಟಿನ ಬೆಲೆಯೂ ಏರುತ್ತ ಹೋಗಿ, ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ 2015ರಲ್ಲಿ ನೂರು ಡಾಲರನ್ನು ದಾಟಿತು. 2016ರಿಂದ ಜನಸಂದಣಿಯ ದಿನಕ್ಕೊಂದು ಬೆಲೆ, ಸಾಧಾರಣ ದಿನಕ್ಕೊಂದು ಬೆಲೆ ಎಂದಾಯಿತು. 1851ರ ಷಿಲಿಂಗ್ ದಿನಗಳ ಕ್ರಮವೇ ಮರಳಿ ಬಂದಿತೆನ್ನಬಹುದು.

ಕೊರೋನಾ ಪಿಡುಗಿನಿಂದ 2020ರ ಮಾರ್ಚ್‌ನಲ್ಲಿ ಉದ್ಯಾನಗಳು ಮುಚ್ಚಿದವು. 2021ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ತನ್ನ ಹಳೆಯ ಪಾಸುಗಳ ವ್ಯವಸ್ಥೆಯನ್ನೇ ರದ್ದುಗೊಳಿಸಿತು. ಆಗಸ್ಟಿನಲ್ಲಿ ‘ಮ್ಯಾಜಿಕ್ ಕೀ’ ಎಂಬ ಹೊಸ ಹೆಸರಿನಲ್ಲಿ ಅದು ಮರಳಿದಾಗ, ಪಾಸಿದ್ದರೂ ಮುಂಚಿತವಾಗಿ ದಿನವನ್ನು ಕಾದಿರಿಸಿಕೊಳ್ಳಬೇಕಾಗಿತ್ತು. 1,399 ಡಾಲರಿನ ಅತ್ಯುನ್ನತ ಪಾಸಿಗೆ ನಿಷೇಧಿತ ದಿನಗಳೇ ಇಲ್ಲವೆಂದು ಹೇಳಲಾಗಿತ್ತು. ಆದರೂ ಬೇಕಾದ ದಿನ ಕಾದಿರಿಸಲು ಆಗಲಿಲ್ಲವೆಂದು ಕೊಂಡವರು ನ್ಯಾಯಾಲಯಕ್ಕೆ ಹೋದರು. ಸಂಸ್ಥೆಯು ಆರೋಪವನ್ನು ಒಪ್ಪದೆ, 2023ರಲ್ಲಿ 95 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಪಾಸು ಎಂಬುದು ಒಂದು ವಾಗ್ದಾನ. ವಾಗ್ದಾನದ ಸಣ್ಣಕ್ಷರಗಳನ್ನೂ ಓದಬೇಕು.

ಕೊಳ್ಳುವವನ ಮನಸ್ಸಿನ ಬಗೆಗೂ ಒಂದು ಪ್ರಸಿದ್ಧ ಅಧ್ಯಯನವಿದೆ. ಸ್ಟೆಫಾನೊ ಡೆಲ್ಲಾವಿಗ್ನ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬಿಬ್ಬರು ಅಮೆರಿಕದ ವ್ಯಾಯಾಮಶಾಲೆಗಳ ಸದಸ್ಯರನ್ನು ಕುರಿತು 2006ರಲ್ಲಿ ಪ್ರಕಟಿಸಿದ್ದದು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಸರಾಸರಿಯಲ್ಲಿ ತಿಂಗಳಿಗೆ 4.3 ಸಲ ಮಾತ್ರ ಹೋಗುತ್ತಿದ್ದರು. ಅಂದರೆ ಭೇಟಿಯೊಂದಕ್ಕೆ 17 ಡಾಲರಿಗೂ ಹೆಚ್ಚು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಭೇಟಿಗೆ 10 ಡಾಲರ್ ಸಾಕಾಗುತ್ತಿತ್ತು. ಮನುಷ್ಯನು ತಾನು ಹೋಗಬೇಕೆಂದಿರುವ ದಿನಗಳನ್ನು ಎಣಿಸುತ್ತಾನೆಯೇ ಹೊರತು ನಿಜವಾಗಿ ಹೋಗುವ ದಿನಗಳನ್ನು ಎಣಿಸುವುದಿಲ್ಲ. ಇ ಚೀಟಿ ಖಾಲಿಯಾಗಿ ಎ ಚೀಟಿ ಖಾನೆಯಲ್ಲಿ ಉಳಿದ ಕಥೆಯೂ ಇದೇ.

ಹಾಗಾದರೆ ಪಾಸೆಂಬುದೇ ಮೋಸವೇ? ಹಾಗೆನ್ನಲಾಗದು. ಹಳ್ಳಿಯಿಂದ ಪೇಟೆಯ ಹೈಸ್ಕೂಲಿಗೆ ಬರುತ್ತಿದ್ದ ನಿಮ್ಮಲ್ಲಿ ಅನೇಕರು ಸರ್ಕಾರಿ ಬಸ್ಸಿನ ಪಾಸನ್ನು ಎದೆಜೇಬಿನಲ್ಲಿಟ್ಟುಕೊಂಡೇ ಓದಿದವರು. ಶಾಲೆಗೆ ದಿನವೂ ಬರಲೇಬೇಕಾಗಿತ್ತು. ಆದ್ದರಿಂದ ಆ ಲೆಕ್ಕದಲ್ಲಿ ಸಂದೇಹವಿರಲಿಲ್ಲ. ವಿನೋದಕ್ಕೆ ಅಂತಹ ‘ಲೇಬೇಕು’ ಇಲ್ಲ. ಹಣ ಹುಟ್ಟಿಸುವುದಕ್ಕಾಗಿ ಅದನ್ನು ನಾವೇ ತಂದುಕೊಂಡರೆ ವಿನೋದವು ಹಾಜರಿ ಪುಸ್ತಕವಾಗುತ್ತದೆ.

ಲೆಕ್ಕದ ಕ್ರಮವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲು, ಕಳೆದ ಎರಡು ವರ್ಷಗಳಲ್ಲಿ ನೀವು ನಿಜವಾಗಿ ಹೋದ ದಿನಗಳನ್ನು ಬರೆಯಿರಿ. ಮುಂದಿನ ವರ್ಷದ ಆಸೆಯನ್ನು ಬರೆಯಬೇಡಿ. ಎರಡನೆಯದಾಗಿ, ಮಕ್ಕಳ ಶಾಲೆಯ ರಜೆಗಳನ್ನೂ ಪಾಸಿನ ನಿಷೇಧಿತ ದಿನಗಳನ್ನೂ ಎದುರುಬದುರು ಇಟ್ಟು ನೋಡಿರಿ; ಬಹಳ ಸಲ ಅವೆರಡೂ ಒಂದೇ ಆಗಿರುತ್ತವೆ. ಮೂರನೆಯದಾಗಿ, ದೂರದಿಂದ ಹೋಗುವವರು ಪಾಸಿನ ಬೆಲೆಯನ್ನು ಒಂದು ದಿನದ ಟಿಕೆಟ್ಟಿನೊಡನೆ ಹೋಲಿಸದೆ, ಹಲವು ದಿನಗಳ ಟಿಕೆಟ್ಟಿನೊಡನೆ ಹೋಲಿಸಬೇಕು. ದೂರದವರಿಗೂ ಪಾಸು ಒದಗುವ ಸಂದರ್ಭವೊಂದಿದೆ: ಹನ್ನೆರಡು ತಿಂಗಳೊಳಗೆ ಎರಡು ದೀರ್ಘ ಪ್ರವಾಸಗಳು ಬೀಳುವಂತೆ, ಈ ವರ್ಷದ ಬೇಸಿಗೆಯಲ್ಲೊಮ್ಮೆ, ಮುಂದಿನ ಬೇಸಿಗೆಯಲ್ಲಿ ಅವಧಿ ತೀರುವ ಮೊದಲೊಮ್ಮೆ ಹೋಗಲು ನಿಶ್ಚಯಿಸಿದ್ದರೆ ಲೆಕ್ಕ ಬದಲಾಗಬಹುದು.

ಊರಿನಿಂದ ಬಂದ ಹಿರಿಯರ ವಿಷಯ ಬೇರೆಯೇ. ಅವರು ಹೆಚ್ಚೆಂದರೆ ಆರು ತಿಂಗಳ ಮಟ್ಟಿಗೆ ಬಂದವರು. ಪಾಸಿನ ಅವಧಿ ಹನ್ನೆರಡು ತಿಂಗಳು. ಆ ರಾಜ್ಯದ ನಿವಾಸಿಗಳಿಗೆ ಮಾತ್ರ ಮೀಸಲಾದ ಅಗ್ಗದ ಪಾಸುಗಳು ಅವರಿಗೆ ದೊರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಗ ಅಷ್ಟು ಡಾಲರ್ ಕೊಟ್ಟಿದ್ದಾನೆಂದು ತಿಳಿದ ತಾಯಿ ಮಂಡಿ ನೋಯುತ್ತಿದ್ದರೂ ‘ನಡಿ ಮಗ, ಹೋಗೋಣ’ ಎನ್ನುತ್ತಾಳೆ. ದುಡ್ಡು ವ್ಯರ್ಥವಾಗಬಾರದೆಂದು ಬೆಳೆದ ತಲೆಮಾರು ನಮ್ಮದು. ಅವರಿಗೆ ಒಂದು ಒಳ್ಳೆಯ ದಿನದ ಟಿಕೆಟ್ ಕೊಡಿಸಿ. ಜನ ಕಡಿಮೆಯಿರುವ ವಾರದ ದಿನವನ್ನು ಆರಿಸಿ. ನೆರಳಿನಲ್ಲಿ ಕೂರಲು ಹೊತ್ತು ಕೊಡಿ. ಮೊಮ್ಮಕ್ಕಳೊಡನೆ ಕುದುರೆ ತಿರುಗಣಿಯನ್ನು ಒಮ್ಮೆ ಏರಿದರೂ ಅವರ ಟಿಕೆಟ್ಟಿನ ಹಣ ಹುಟ್ಟಿತೆಂದು ತಿಳಿಯಿರಿ.

ಪಾಸನ್ನು ಹೊಸದಾಗಿ ಮಾಡಿಸುವ ದಿನ ಬಂದಾಗ, ಕಳೆದ ವರ್ಷ ಹೋದ ದಿನಗಳನ್ನು ಮಕ್ಕಳಿಂದಲೇ ಬೆರಳು ಮಡಿಸಿ ಎಣಿಸಿಸಿರಿ. ಅವರಿಗೆ ಭಾಗಾಕಾರದ ಪಾಠವೂ ಆಗುತ್ತದೆ. ಎಲ್ಲರಿಗೂ ಶುಭವಾಗಲಿ.