ಹಿಮ ಕವಿದ ಒಂದು ಫೆಬ್ರವರಿ

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮಾಘ ಕಳೆಯುವ ಹೊತ್ತಿಗೆ ಕಂಬಳಿ ಮಡಿಸಿಟ್ಟು ಮಾವಿನ ಹೂವಿನತ್ತ ಕಣ್ಣು ಹಾಯಿಸುವ ನಾಡು ನಮ್ಮದು. ಚಳಿಗಾಲದ ಕೊನೆಯ ಒಂದು ತಿಂಗಳು ಒಂದು ಸಾಮ್ರಾಜ್ಯದ ರಾಜಧಾನಿಯನ್ನೇ ಕತ್ತಲಲ್ಲಿ ಕೂರಿಸಿತೆಂದರೆ ನಾವು ನಂಬುವುದು ತುಸು ಕಷ್ಟ. ಆದರೆ 1947ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಹಾಗೆಯೇ ಆಯಿತು. ಆ ತಿಂಗಳ ಕಥೆಯನ್ನು ನಾನು ಇಂದು ಹೇಳಹೊರಟಿರುವುದಕ್ಕೆ ಕಾರಣವುಂಟು: ನಮ್ಮ ಬಿಡುಗಡೆಗೆ ಗಡುವು ಗೊತ್ತಾದದ್ದು ಅದೇ ತಿಂಗಳಲ್ಲಿ.

ಬ್ರಿಟನ್ನಿನ ಚಳಿಗಾಲ ಸಾಮಾನ್ಯವಾಗಿ ಅತಿ ಕ್ರೂರವಾದುದಲ್ಲ. ಅಟ್ಲಾಂಟಿಕ್ ಸಾಗರದ ಮೇಲಿಂದ ಬೀಸುವ ಪಡುವಣ ಗಾಳಿ ಆ ದ್ವೀಪಕ್ಕೆ ಹದವಾದ ಹವೆಯನ್ನು ತರುತ್ತದೆ. ಆ ವರ್ಷ ಉತ್ತರದಲ್ಲಿ ವಾಯುಭಾರ ಹೆಚ್ಚಾಗಿ ನಿಂತು ಆ ದಾರಿಯನ್ನು ಮುಚ್ಚಿಬಿಟ್ಟಿತು. ಯೂರೋಪಿನ ಒಳನಾಡಿನ ಮೂಡಣ ಗಾಳಿ ಬೀಸತೊಡಗಿತು. ಜನವರಿ 22ರಿಂದ ಮಾರ್ಚ್ 17ರವರೆಗೆ ಪ್ರತಿದಿನವೂ ದೇಶದ ಒಂದಲ್ಲ ಒಂದು ಕಡೆ ಹಿಮ ಬಿತ್ತು. ಲಂಡನ್ನಿನ ಬಳಿಯ ಕ್ಯೂ ವೀಕ್ಷಣಾಲಯದಲ್ಲಿ ಫೆಬ್ರವರಿಯ 28 ದಿನಗಳಲ್ಲಿ 20ಕ್ಕೂ ಹೆಚ್ಚು ದಿನ ಸೂರ್ಯದರ್ಶನವೇ ಆಗಲಿಲ್ಲ. 25ರಂದು ವೋಬರ್ನ್ ಎಂಬಲ್ಲಿ ಉಷ್ಣಮಾನ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು.

ಹಿಮವೊಂದೇ ಆಗಿದ್ದರೆ ಜನ ಸಹಿಸಿಕೊಳ್ಳುತ್ತಿದ್ದರೇನೋ. ಆ ದೇಶದ ದೀಪ, ರೈಲು, ಒಲೆ, ಕಾರ್ಖಾನೆ ಎಲ್ಲವೂ ಕಲ್ಲಿದ್ದಲನ್ನು ನಂಬಿದ್ದವು. ಗಣಿಗಳು ರಾಷ್ಟ್ರದ ಸ್ವತ್ತಾದದ್ದು ಅದೇ ಜನವರಿ 1ರಂದು. ದಾಸ್ತಾನು ಮೊದಲೇ ಕೊರತೆಯಾಗಿತ್ತು. ಈಗ ತೆಗೆದ ಕಲ್ಲಿದ್ದಲೂ ಹಿಮದಲ್ಲಿ ಹೂತ ರೈಲುಹಾದಿಯಲ್ಲಿ ಸಿಕ್ಕಿಕೊಂಡಿತು. ಫೆಬ್ರವರಿ 7ರಂದು ಇಂಧನ ಸಚಿವ ಇಮ್ಯಾನುಯೆಲ್ ಶಿನ್ವೆಲ್ ಪಾರ್ಲಿಮೆಂಟಿನಲ್ಲಿ ವಿದ್ಯುತ್ ಕಡಿತವನ್ನು ಸಾರಿದರು. ಪ್ರಮುಖ ಪ್ರಾಂತಗಳ ಕಾರ್ಖಾನೆಗಳು ನಿಂತವು. ಮನೆಗಳಿಗೆ ಹಗಲಿನ ಐದು ಗಂಟೆ ವಿದ್ಯುತ್ತಿಲ್ಲ. ಸುಮಾರು 20 ಲಕ್ಷ ಜನ ಕೆಲಸವಿಲ್ಲದೆ ಕೂತರು. ಬೆಟ್ಟಗಾಡಿನಲ್ಲಿ ಲಕ್ಷಾಂತರ ಕುರಿಗಳು ಸತ್ತವು. ವಾರಪತ್ರಿಕೆಗಳು ಎರಡು ವಾರ ಅಚ್ಚಾಗಲಿಲ್ಲ. ಸಾಹಿತ್ಯ ಸಂಗೀತಗಳಿಗೆಂದೇ 1946ರಲ್ಲಿ ಬಿ.ಬಿ.ಸಿ. ತೆರೆದಿದ್ದ ‘ಥರ್ಡ್ ಪ್ರೋಗ್ರಾಂ’ ತಾತ್ಕಾಲಿಕವಾಗಿ ಮೌನವಾಯಿತು. ಬಾನುಲಿಯ ಮುಂದೆ ಕುಳಿತು ಮಾತನಾಡುವ ನನಗೆ ಈ ಸಂಗತಿ ವಿಶೇಷವಾಗಿ ಮನಸ್ಸಿಗೆ ತಟ್ಟುತ್ತದೆ.

ಇಂಥ ದಿನಗಳ ನಡುವೆ, ಫೆಬ್ರವರಿ 20ರಂದು, ಪ್ರಧಾನಿ ಕ್ಲೆಮೆಂಟ್ ಆಟ್ಲಿ ಒಂದು ಹೇಳಿಕೆಯನ್ನು ಓದಿದರು: 1948ರ ಜೂನ್ ತಿಂಗಳೊಳಗೆ ಬ್ರಿಟನ್ ಭಾರತದ ಅಧಿಕಾರವನ್ನು ಭಾರತೀಯರ ಕೈಗೆ ಒಪ್ಪಿಸುವುದು, ವೇವೆಲ್ಲರ ಸ್ಥಾನಕ್ಕೆ ಮೌಂಟ್‌ಬ್ಯಾಟನ್ ಬರುವರು. ಶಾಲೆಯಲ್ಲಿ ನಾನು ಈ ತಾರೀಖನ್ನು ಉರುಹೊಡೆದಿದ್ದೆ. ಅಂದು ಆ ದೇಶ ಮೋಂಬತ್ತಿಯ ಬೆಳಕಿನಲ್ಲಿ ದಿನ ನೂಕುತ್ತಿತ್ತೆಂದು ಯಾವ ಪಾಠವೂ ನನಗೆ ಹೇಳಿರಲಿಲ್ಲ.

ಹಾಗಾದರೆ ನಮಗೆ ಸ್ವಾತಂತ್ರ್ಯ ಕೊಟ್ಟದ್ದು ಹಿಮವೇ? ಹಾಗೆ ಹೇಳಲು ಆಸೆಯಾಗುತ್ತದೆ. ಕಥೆ ಬಹು ಸೊಗಸಾಗುತ್ತದೆ. ಆದರೆ ಸೊಗಸಾದುದೆಲ್ಲ ಸತ್ಯವಲ್ಲ. ಗಡುವನ್ನು ಹೇಳಿಬಿಡಬೇಕೆಂಬ ಆಲೋಚನೆ 1946ರ ಡಿಸೆಂಬರಿನಲ್ಲಿಯೇ ಬ್ರಿಟಿಷ್ ಮಂತ್ರಿಗಳ ನಡುವೆ ನಡೆದಿತ್ತು. ಅದಕ್ಕೂ ಹಿಂದೆ, ಆ ವರ್ಷದ ಫೆಬ್ರವರಿಯಲ್ಲಿ, ಮುಂಬಯಿಯ ನಾವಿಕರು ಬಂಡೆದ್ದಿದ್ದರು. ಅದಕ್ಕೂ ಹಿಂದೆ 1942 ಇತ್ತು; ಈಸೂರು ಇತ್ತು. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಟನ್ನೇ ಭಾರತಕ್ಕೆ ಸಾಲಗಾರನಾಗಿತ್ತು. ಸೆರೆಮನೆಗೆ ಹೋದವರ, ಗುಂಡಿಗೆ ಎದೆಯೊಡ್ಡಿದವರ ಋಣವನ್ನು ಹವಾಮಾನದ ಲೆಕ್ಕಕ್ಕೆ ಬರೆಯುವುದು ನನ್ನಿಂದಾಗದು.

ಅಷ್ಟೇ ಅಲ್ಲ. ಅರಸರ ಮೇಲಿನ ಪರಮಾಧಿಕಾರವನ್ನು ಬ್ರಿಟಿಷ್ ಭಾರತದ ಯಾವ ಸರ್ಕಾರಕ್ಕೂ ಒಪ್ಪಿಸುವುದಿಲ್ಲವೆಂದು ಅದೇ ಹೇಳಿಕೆಯಲ್ಲಿತ್ತು. ನಮ್ಮ ಮೈಸೂರಿನ ಜನ ಆಗಸ್ಟ್ 15 ಕಳೆದ ಮೇಲೂ ‘ಮೈಸೂರು ಚಲೋ’ ಎಂದು ಬೀದಿಗಿಳಿಯಬೇಕಾಯಿತು, ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದದ್ದು ಅಕ್ಟೋಬರಿನಲ್ಲಿ. ಆ ಎರಡು ತಿಂಗಳ ಹೋರಾಟ ಯಾವ ಹಿಮದ ಕೊಡುಗೆ?

ಹಾಗೆಂದು ಆ ಫೆಬ್ರವರಿ ವ್ಯರ್ಥವೂ ಅಲ್ಲ. ತನ್ನ ಮನೆಯ ಒಲೆಯನ್ನೇ ಉರಿಸಲಾರದವನು ಏಳು ಕಡಲಾಚೆಯ ದೊರೆತನವನ್ನು ಹೊರಲಾರನೆಂಬುದನ್ನು ಅದು ಆ ದೇಶದ ಸಾಮಾನ್ಯ ಜನರಿಗೂ ಕಾಣಿಸಿತು. ಮಾರ್ಚಿಯಲ್ಲಿ ಹಿಮ ಕರಗಿತು; ಥೇಮ್ಸ್, ಟ್ರೆಂಟ್ ನದಿಗಳು ಉಕ್ಕಿ ಊರುಗಳಿಗೆ ನುಗ್ಗಿದವು. ಅದೇ ತಿಂಗಳ ಕೊನೆಯಲ್ಲಿ ಹೊಸ ವೈಸರಾಯರು ದೆಹಲಿಯಲ್ಲಿ ಇಳಿದರು. ಹಣ್ಣಾದ ಎಲೆ ಉದುರಲು ಗಾಳಿ ಒಂದು ನೆಪ. ಆ ಎಲೆ ಹಣ್ಣಾಗಲು ಎಷ್ಟು ಜನರ ಬಾಳು ಬಿಸಿಲಾಗಿ ಸುಟ್ಟಿತೆಂಬುದನ್ನು ಮಾತ್ರ, ಪ್ರತಿ ಶಿವರಾತ್ರಿಗೆ ಕಂಬಳಿ ಮಡಿಸುವಾಗ, ನಾನು ನೆನೆಯುತ್ತೇನೆ.